ಫಲಕ ಹಾಕಿದರೆ ಸಾಕೇ, ಓಡಿಸುವುದು ಬೇಡವೇ?

ಮಾನ್ಯ ಸಂಪಾದಕರೇ,

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಲ್ಟೂನಾ ಎಂಬ ರೈಲ್ವೆ ಊರಿದೆ. ಅಲ್ಲಿನ ಲೇಕ್‌ಮಾಂಟ್ ಪಾರ್ಕ್‌ನ ‘ಲೀಪ್ ದಿ ಡಿಪ್ಸ್’ ಜಗತ್ತಿನಲ್ಲಿ ಉಳಿದಿರುವ ಅತ್ಯಂತ ಹಳೆಯ ರೋಲರ್ ಕೋಸ್ಟರ್. ಕಟ್ಟಿದ್ದು 1902ರಲ್ಲಿ. ಅದೀಗ ಓಡುತ್ತಿಲ್ಲ. ಇನ್ನು ಓಡುತ್ತದೋ, ಹಾಗೇ ಮುಚ್ಚಿಹೋಗುತ್ತದೋ ಎಂಬ ಚಿಂತೆ ನನ್ನಂಥ ಅಭಿಮಾನಿಗಳಿಗೆ ಹತ್ತಿಕೊಂಡಿದೆ. ಪಿಟ್ಸ್‌ಬರ್ಗ್‌ನಿಂದ ಅಲ್ಲಿಗೆ ಕಾರಿನಲ್ಲಿ ಎರಡು ಗಂಟೆ ದಾರಿ. ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿಬರುವ, ಪೆನ್ ಸ್ಟೇಟ್‌ನಲ್ಲಿ ಮಕ್ಕಳನ್ನು ಓದಿಸುವ ಎಷ್ಟೋ ಕನ್ನಡ ಕುಟುಂಬಗಳು ನಿಮ್ಮ ಪತ್ರಿಕೆ ಓದುತ್ತವೆ. ಅದಕ್ಕೇ ಬರೆಯುತ್ತಿದ್ದೇನೆ.

ಇದು ಭಾರೀ ಕೋಸ್ಟರ್ ಅಲ್ಲ. ಎತ್ತರ 41 ಅಡಿ. ದೊಡ್ಡ ಇಳಿಜಾರು ಅಂದರೆ 9 ಅಡಿ. ವೇಗ ಹೆಚ್ಚೆಂದರೆ ಗಂಟೆಗೆ 29 ಕಿ.ಮೀ. ಅದರ ಸೊಗಸು ಬೇರೆ ಕಡೆ ಇದೆ. ಇವತ್ತಿನ ಕೋಸ್ಟರ್‌ಗಳಲ್ಲಿ ಹಳಿಯ ಕೆಳಗೂ ಚಕ್ರ ಇರುತ್ತದೆ. ಗಾಡಿ ಮೇಲೇಳದಂತೆ ಅದು ಹಿಡಿದುಕೊಳ್ಳುತ್ತದೆ. ಇದರಲ್ಲಿ ಆ ಚಕ್ರವೇ ಇಲ್ಲ. ಪಕ್ಕದ ಹಲಗೆಗೆ ಉಜ್ಜಿಕೊಂಡು ಹೋಗುವ ಚಕ್ರಗಳೇ ಗಾಡಿಯನ್ನು ದಾರಿ ತಪ್ಪದಂತೆ ಕಾಯುತ್ತವೆ. ಹಾಗಾಗಿ ಉಬ್ಬು ಬಂದಾಗ ಗಾಡಿ ಹಳಿ ಬಿಟ್ಟು ಚೂರೇ ಚೂರು ಮೇಲೇಳುತ್ತದೆ, ಮತ್ತೆ ಧೊಪ್ಪನೆ ಕೂರುತ್ತದೆ. ಸೀಟ್ ಬೆಲ್ಟ್ ಇಲ್ಲ, ಮಡಿಲ ಮೇಲೆ ಅಡ್ಡ ಕಂಬಿಯೂ ಇಲ್ಲ. ನೂರು ವರ್ಷದ ಹಿಂದಿನ ಜನ ಏನನ್ನು ಕಂಡು ಕಿರುಚಿ ನಕ್ಕರು ಅಂತ ಅಲ್ಲಿ ಕೂತರೆ ಮೈಗೇ ಗೊತ್ತಾಗುತ್ತದೆ. ಈ ಬಗೆಯ ಕೋಸ್ಟರ್ ಇಡೀ ಉತ್ತರ ಅಮೆರಿಕದಲ್ಲಿ ಉಳಿದಿರುವುದು ಇದೊಂದೇ.

ಇದು 1985ರಲ್ಲೂ ಒಮ್ಮೆ ನಿಂತಿತ್ತು. ಆಗ ಅಭಿಮಾನಿಗಳು ಸಂಸ್ಥೆ ಕಟ್ಟಿ, ದುಡ್ಡು ಕೂಡಿಸಿ, ರಿಪೇರಿ ಮಾಡಿಸಿ 1999ರಲ್ಲಿ ಮತ್ತೆ ಓಡಿಸಿದರು. ಅದರ ನಡುವೆ 1996ರಲ್ಲಿ ‘ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು’ ಎಂಬ ಪಟ್ಟವೂ ಬಂತು. ಪಟ್ಟ ಬಂದ ಮೇಲೆ ಸರ್ಕಾರವೇ ಕಾಯುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ಖಾಸಗಿ ಜಾಗದಲ್ಲಿರುವ ವಸ್ತುವನ್ನು ಮಾಲೀಕರು ರಿಪೇರಿ ಮಾಡಲೇಬೇಕು ಎಂದು ಆ ಪಟ್ಟ ಹೇಳುವುದಿಲ್ಲ. ಅವರು ಸ್ವಂತ ದುಡ್ಡಿನಲ್ಲಿ ಕೆಡವಿದರೆ ತಡೆಯುವ ಬಲವೂ ಅದಕ್ಕಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

ಇಂಥ ಮರದ ಕೋಸ್ಟರ್ ಓಡುತ್ತಿದ್ದರೆ ದಿನಾ ಯಾರಾದರೂ ಹಳಿಯುದ್ದಕ್ಕೂ ನಡೆದು ನೋಡುತ್ತಾರೆ. ಸಡಿಲಾದ ಬೋಲ್ಟ್ ಬಿಗಿಯುತ್ತಾರೆ, ಕೊಳೆತ ಹಲಗೆ ಬದಲಿಸುತ್ತಾರೆ. ಓಟ ನಿಂತರೆ ಆ ಆರೈಕೆಯೂ ನಿಲ್ಲುತ್ತದೆ. ಮಳೆ, ಹಿಮ ಸುಮ್ನೆ ಬಿಡುತ್ತವೆಯೇ? ಪಕ್ಕದ ಓಹಾಯೋದ ಜಿಯಾಗಾ ಲೇಕ್ ಪಾರ್ಕ್‌ನಲ್ಲಿ 1925ರ ‘ಬಿಗ್ ಡಿಪ್ಪರ್’ ಎಂಬ ಮರದ ಕೋಸ್ಟರ್ ಇತ್ತು. 2007ರಲ್ಲಿ ಪಾರ್ಕ್ ಮುಚ್ಚಿತು. ಒಂಬತ್ತು ವರ್ಷ ಪೊದೆಗಳ ನಡುವೆ ನಿಂತು, 2016ರಲ್ಲಿ ನೆಲಕ್ಕೆ ಬಿತ್ತು. ಪೆನ್ಸಿಲ್ವೇನಿಯಾದ್ದೇ ಆದ ಕಾನಿಯಟ್ ಲೇಕ್‌ನ ‘ಬ್ಲೂ ಸ್ಟ್ರೀಕ್’ 1938ರದು. ಕೆಡವುವ ಕೆಲಸ ನಡೆದಿದ್ದಾಗಲೇ 2022ರ ಜನವರಿಯಲ್ಲಿ ಸುಟ್ಟುಹೋಯಿತು.

ಮನಸ್ಸಿದ್ದರೆ ಉಳಿಸಬಹುದು. ಇಂಗ್ಲೆಂಡಿನ ಮಾರ್ಗೇಟ್‌ನಲ್ಲಿರುವ 1920ರ ‘ಸೀನಿಕ್ ರೈಲ್ವೆ’ ಎಂಬ ಮರದ ಕೋಸ್ಟರ್‌ಗೆ 2008ರಲ್ಲಿ ಬೆಂಕಿ ಬಿತ್ತು. ಅಲ್ಲಿ ಅದು ಕಾನೂನಿನ ರಕ್ಷಣೆ ಇರುವ ಕಟ್ಟಡಗಳ ಪಟ್ಟಿಯಲ್ಲಿತ್ತು. ಸ್ಥಳೀಯ ಆಡಳಿತ ಜಾಗವನ್ನೇ ಕಡ್ಡಾಯವಾಗಿ ಕೊಂಡುಕೊಂಡಿತು. 2015ರಲ್ಲಿ ಗಾಡಿ ಮತ್ತೆ ಹಳಿ ಏರಿತು. ಮೆಲ್ಬರ್ನ್‌ನ ಲೂನಾ ಪಾರ್ಕ್‌ನಲ್ಲಿ 1912ರ ಕೋಸ್ಟರ್ ಇದೆ. ಬ್ರೇಕ್ ಹಾಕಲು ಗಾಡಿಯ ಮೇಲೇ ಒಬ್ಬ ಮನುಷ್ಯ ನಿಂತಿರುತ್ತಾನೆ. ಅವರಿಗೆ ಆಗಿದ್ದು ಆಲ್ಟೂನಾದಲ್ಲಿ ಯಾಕೆ ಆಗಬಾರದು?

ಲೀಪ್ ದಿ ಡಿಪ್ಸ್ ಅನ್ನು ಒಂದು ಟ್ರಸ್ಟ್‌ಗೋ ಸಾರ್ವಜನಿಕ ಸಂಸ್ಥೆಗೋ ಒಪ್ಪಿಸಬೇಕು. ವರ್ಷ ವರ್ಷದ ರಿಪೇರಿಗೆ ಹಣ ತೆಗೆದಿಡಬೇಕು. ಪಿಟ್ಸ್‌ಬರ್ಗ್, ಫಿಲಡೆಲ್ಫಿಯಾ ಕಡೆಯ ಕನ್ನಡದ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ. ಆಲ್ಟೂನಾ ನಗರಾಡಳಿತಕ್ಕೆ, ಬ್ಲೇರ್ ಕೌಂಟಿಗೆ, ನಿಮ್ಮ ರಾಜ್ಯ ಪ್ರತಿನಿಧಿಗೆ ಒಂದೊಂದು ಪತ್ರ ಬರೆಯಿರಿ. ಅಲ್ಲಿ ವೋಟು ಹಾಕುವವರ ಪತ್ರಕ್ಕೆ ಬೆಲೆ ಜಾಸ್ತಿ. ಈ ಚಳಿಗಾಲಕ್ಕೆ ಮುಂಚೆಯೇ ಬರೆಯಿರಿ.

ಇಂತಿ,
ಒಬ್ಬ ಕೋಸ್ಟರ್ ಅಭಿಮಾನಿ, ಪಿಟ್ಸ್‌ಬರ್ಗ್