ಶನಿವಾರ ಹೊರಡಲೇಬೇಕೆಂದು ಬರೆದಿದ್ದೀಯಲ್ಲ

ಚಿರಂಜೀವಿ ಪುಟ್ಟನಿಗೆ ನಿನ್ನ ಚಿಕ್ಕಮ್ಮನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿ ನಾಲ್ಕು ದಿನಗಳಾದವು. ಸ್ನೇಹಿತರು ನಾಲ್ವರು ಎಂಟು ದಿನಗಳ ಮಟ್ಟಿಗೆ ಬರುತ್ತಿರುವುದನ್ನೂ, ಹಾಯಿದೋಣಿಯ ತಳಕ್ಕೆ ಹೊಸದಾಗಿ ಬಣ್ಣ ಬಳಿಸಿದ್ದನ್ನೂ, ಮುಂದಿನ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟು ನೀನೂ ನಿನ್ನ ಹೆಂಡತಿಯೂ ನಡುವಿನ ಬೆಂಚಿನ ಮೇಲೆ ಮಲಗಲು ನಿರ್ಧರಿಸಿದ್ದನ್ನೂ ಓದಿ ಸಂತೋಷವಾಯಿತು. ಆದರೆ ಮೂರನೆಯ ಪುಟದ ಕೊನೆಯಲ್ಲಿ, ಬೇರೇನನ್ನೋ ಹೇಳುವ ಭರದಲ್ಲಿ, ನೀನು ಒಂದು ಸಾಲು ಬರೆದಿದ್ದೀಯೆ: “ಭಾನುವಾರ ಬೆಳಿಗ್ಗೆ ಅವರ ವಿಮಾನವಿರುವುದರಿಂದ ಶನಿವಾರ ಗಾಳಿ ಹೇಗೇ ಇದ್ದರೂ ಹೊರಡಲೇಬೇಕು.” ಆ ಸಾಲಿನಿಂದ ಮುಂದೆ ಓದುವುದು ನನ್ನಿಂದ ಆಗಲಿಲ್ಲ. ಪತ್ರವನ್ನು ಮಡಿಸಿಟ್ಟು, ರಾತ್ರಿ ಮತ್ತೆ ತೆಗೆದು, ಅದೇ ಸಾಲನ್ನು ಓದಿದೆ.

ಕೆರಿಬಿಯನ್ ಸಮುದ್ರದ ಯೂನಿಯನ್ ದ್ವೀಪದ ಬಂದರಿನ ಬಾಯಲ್ಲಿ ನಮ್ಮ ದೋಣಿ ಹವಳಕ್ಕೆ ಬಡಿದದ್ದು ಮನೆಯವರಿಗೆಲ್ಲ ಗೊತ್ತಿರುವ ಸಂಗತಿ. ಅದನ್ನು ಮೊದಲಿನಿಂದ ಹೇಳುವುದಿಲ್ಲ. ಎಂಜಿನ್ ಕೈಕೊಟ್ಟಿತು ಎಂದು ನಿನ್ನ ಚಿಕ್ಕಪ್ಪ ಹೇಳುತ್ತಿದ್ದರು, ನೀವೆಲ್ಲ ಅದನ್ನೇ ನಂಬಿದಿರಿ. ಆ ದಿನ ಎಂಜಿನ್ ಸರಿಯಾಗಿಯೇ ಇತ್ತು, ಪುಟ್ಟ. ಇಷ್ಟು ವರ್ಷ ನಾನು ಬಾಯಿ ಬಿಡದೆ ಇದ್ದೆ. ನಿನ್ನ ಆ ಒಂದು ಸಾಲು ಬಾರದೆ ಹೋಗಿದ್ದರೆ ಮುಂದೆಯೂ ಬಿಡುತ್ತಿರಲಿಲ್ಲವೇನೋ.

ಮೊದಲು ನಿನ್ನ ಶನಿವಾರವನ್ನೇ ನೋಡುತ್ತೇನೆ. ಟೊಬೇಗೊ ಕೀಸ್ ಎಂಬ ಪುಟ್ಟ ದ್ವೀಪಗಳಿಂದ ಹೊರಟು, ಅವರು ವಿಮಾನ ಹತ್ತಬೇಕಾದ ಸೇಂಟ್ ವಿನ್ಸೆಂಟ್ ದ್ವೀಪದ ದಕ್ಷಿಣ ತುದಿಯನ್ನು ಒಂದೇ ಹಗಲಿನಲ್ಲಿ ಮುಟ್ಟುವ ಯೋಚನೆ ನಿನ್ನದು. ನಕ್ಷೆಯ ಮೇಲೆ ಗೆರೆ ಎಳೆದರೆ ಅದು ಮೂವತ್ತು ನಾಟಿಕಲ್ ಮೈಲಿಗಿಂತ ಸ್ವಲ್ಪ ಹೆಚ್ಚು. ಆದರೆ ನೀನು ಹೋಗುವುದು ಉತ್ತರಕ್ಕೆ, ಅದರಲ್ಲೂ ತುಸು ಪೂರ್ವಕ್ಕೆ ವಾಲಿ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ವಾಣಿಜ್ಯ ಮಾರುತ ಈಶಾನ್ಯದ ಕಡೆಯಿಂದಲೇ ಹೆಚ್ಚು ಬೀಸುತ್ತದೆ. ಅಲ್ಲಿಯ ದೋಣಿಯವರು ಕ್ರಿಸ್‌ಮಸ್ ಗಾಳಿ ಎಂದು ಕರೆಯುವ ಅದು ಬಲಗೊಂಡರೆ 25–30 ನಾಟ್ ವೇಗದಲ್ಲಿ ದಿನಗಟ್ಟಲೆ ಬಿಡುವಿಲ್ಲದೆ ಹೊಡೆಯುತ್ತದೆ. ಕೆಳಗೆ ಸೆಳವು ಪಶ್ಚಿಮಕ್ಕೆ ಎಳೆಯುತ್ತಿರುತ್ತದೆ. ದಕ್ಷಿಣಕ್ಕೆ ಇಳಿಯುವಾಗ ಹಾಯಿಯನ್ನು ಬಿಚ್ಚಿ ಸುಖವಾಗಿ ಕುಳಿತು ಬಂದವರಿಗೆ, ಅದೇ ನೀರಿನಲ್ಲಿ ಹಿಂದಿರುಗುವ ದಾರಿ ಬೇರೊಂದು ಸಮುದ್ರದಂತೆ ಕಾಣುತ್ತದೆ. ಗಾಳಿಗೆ ಓರೆಯಾಗಿ ಅತ್ತಿತ್ತ ತಿರುಗಿಸುತ್ತ ಹತ್ತಿದರೆ ನಿನ್ನ ಮೂವತ್ತು ಮೈಲಿ ನಲವತ್ತನ್ನು ದಾಟುತ್ತದೆ. ಬೆಕ್ವೇ ಮತ್ತು ಸೇಂಟ್ ವಿನ್ಸೆಂಟ್ ದ್ವೀಪಗಳ ನಡುವಿನ ಜಲಸಂಧಿಯಲ್ಲಿ ಗಾಳಿಯೂ ಸೆಳವೂ ಇಕ್ಕಟ್ಟಿನಲ್ಲಿ ನುಗ್ಗಿ ಇನ್ನಷ್ಟು ರಭಸಗೊಳ್ಳುತ್ತವೆ. ಅಷ್ಟನ್ನು ಮುಗಿಸಿ ನೀನು ಸೇರಬೇಕೆಂದಿರುವ ಬ್ಲೂ ಲಗೂನ್ ಬಂದರಿಗೆ ಹವಳದ ದಿಬ್ಬದ ನಡುವಿನ ಕಿರಿದಾದ ದಾರಿಯಲ್ಲೇ ಒಳಹೋಗಬೇಕು. ಆ ಹೊತ್ತಿಗೆ ಗಂಟೆ ಎಷ್ಟಾಗಿರುತ್ತದೆ ಎಂಬುದನ್ನು ನೀನು ಬರೆದಿಲ್ಲ. ನನ್ನ ಭಯವೆಲ್ಲ ಆ ಗಂಟೆಯ ಬಗ್ಗೆ.

ನಮ್ಮದು 1998ರ ಜನವರಿ. ಗಂಡ ಹೆಂಡತಿಯಾದ ಇಬ್ಬರು ಸ್ನೇಹಿತರು ಬಂದಿದ್ದರು. ಅವರು ನನ್ನ ಕಡೆಯವರು, ನಾನೇ ಒತ್ತಾಯ ಮಾಡಿ ಕರೆಸಿಕೊಂಡವರು. ಮರುದಿನ ಬೆಳಿಗ್ಗೆ ಯೂನಿಯನ್‌ನಿಂದ ಸಣ್ಣ ವಿಮಾನದಲ್ಲಿ ಅವರು ಹೊರಡಬೇಕಿತ್ತು. ನಾವು ಇನ್ನೂ ಬೆಕ್ವೇಯಲ್ಲಿದ್ದೆವು. ಬೆಳಗಿನಿಂದ ಮಳೆಗಾಳಿ ಒಂದರ ಹಿಂದೊಂದು ಬಂದು ಹೊಡೆಯುತ್ತಿತ್ತು. ಆಕಾಶ ತೆರೆದಾಗ ಹನ್ನೊಂದೂವರೆಯಾಗಿತ್ತು. ನಿನ್ನ ಚಿಕ್ಕಪ್ಪ ಗಡಿಯಾರ ನೋಡಿ, ನನ್ನನ್ನು ನೋಡಿ, “ಈ ದಿನ ಬೇಡ, ಇಲ್ಲೇ ಇದ್ದುಬಿಡೋಣ, ವಿಮಾನಕ್ಕೆ ಬೇರೆ ದಾರಿ ಹುಡುಕೋಣ” ಎಂದರು. ಅವರ ಮಾತು ಅಷ್ಟೇ. ಅದಕ್ಕೆ ನಾನು ಅತಿಥಿಗಳ ಎದುರಿನಲ್ಲೇ, “ಅಷ್ಟು ದೂರದಿಂದ ಬಂದವರಿಗೆ ಈಗ ಹೀಗೆ ಹೇಳುವುದೇ? ಆರು ಗಂಟೆಯ ದಾರಿಯೂ ಇಲ್ಲ” ಎಂದೆ. ಎದುರಿನಲ್ಲಿ ಬೇರೆಯವರಿಲ್ಲದಿದ್ದರೆ ಅವರು ನನ್ನ ಮಾತನ್ನು ಒಪ್ಪುತ್ತಿರಲಿಲ್ಲ. ಹೆಂಡತಿಯನ್ನು ನಾಲ್ವರ ನಡುವೆ ತಗ್ಗಿಸುವ ಸ್ವಭಾವ ಅವರದಾಗಿರಲಿಲ್ಲ. ಮಾತಿಲ್ಲದೆ ಎದ್ದು ಹೋಗಿ ಲಂಗರನ್ನು ಎತ್ತಿದರು.

ಅದಕ್ಕಿಂತ ಮೊದಲು ಏಳು ವರ್ಷ, ಮಧ್ಯಾಹ್ನ ಮೂರು ಗಂಟೆಯ ಮೇಲೆ ಹವಳದ ನಡುವೆ ಅವರು ದೋಣಿಯನ್ನು ನಡೆಸಿದವರಲ್ಲ. ಸೂರ್ಯ ತಲೆಯ ಮೇಲೆ ಅಥವಾ ಬೆನ್ನಿನ ಹಿಂದೆ ಇದ್ದರೆ ನೀರು ತನ್ನ ಆಳವನ್ನು ತಾನೇ ಹೇಳುತ್ತದೆ: ಕಡುನೀಲಿಯಾದರೆ ಆಳ, ತಿಳಿಹಸಿರಿಗೆ ತಿರುಗಿದರೆ ಮರಳು ಮೇಲೇರುತ್ತಿದೆ, ಬೆಳ್ಳಗೆ ಕಂಡರೆ ಕಾಲು ತಾಗುವಷ್ಟು ತೆಳುನೀರು, ಕಂದು ಬಣ್ಣವಾದರೆ ಹವಳ. ಅದೇ ಸೂರ್ಯ ಎದುರಿಗೆ ಇಳಿದು ಬಂದರೆ ಈ ಬಣ್ಣಗಳೆಲ್ಲ ಒಂದೇ ಬೆಳ್ಳಿಯ ತಗಡಾಗಿಬಿಡುತ್ತವೆ. ಯೂನಿಯನ್‌ನ ಬಂದರು ಪೂರ್ವಕ್ಕೆ ಬಾಯಿ ತೆರೆದಿದೆ. ಹೊರಗೆ ಒಂದು ದಿಬ್ಬ, ನಟ್ಟನಡುವೆ ಇನ್ನೊಂದು. ಸಂಜೆ ಐದೂವರೆಗೆ ಒಳಹೊಕ್ಕವರು ಸೂರ್ಯನನ್ನೇ ದಿಟ್ಟಿಸುತ್ತ ಹೋಗಬೇಕು. ಸಂಜೆಯ ಬೆಳಕು ಬಹಳ ಹೊತ್ತು ಉಳಿಯುವ ಸೀಮೆಯೂ ಅದಲ್ಲ. ಸೂರ್ಯ ಅಲ್ಲಿ ನೆಟ್ಟಗೆ ಇಳಿಯುತ್ತಾನೆ. ಆರಕ್ಕೆ ಮುಳುಗಿದರೆ ಆರೂವರೆಗೆ ಕತ್ತಲೆ. ಆದ್ದರಿಂದ ಹೊರಗೆ ಕಾದು ನೋಡುವುದಕ್ಕೂ ನಮಗೆ ಹೊತ್ತು ಉಳಿದಿರಲಿಲ್ಲ. ದೋಣಿಯ ಮೂತಿಯಲ್ಲಿ ನಿಂತಿದ್ದವಳು ನಾನು. ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು, “ದಾರಿ ಇದೆ, ಬನ್ನಿ” ಎಂದು ಕೂಗಿದವಳೂ ನಾನೇ.

ನೀನು ಹೇಳುವುದನ್ನು ನಾನು ಈಗಲೇ ಊಹಿಸಬಲ್ಲೆ. ಅದು ಹಳೆಯ ಕಾಲ, ಈಗ ಜಿಪಿಎಸ್ ಇದೆ ಎನ್ನುತ್ತೀಯೆ. ಆಗಲೂ ಇತ್ತು, ಅಮೆರಿಕ ಬೇಕೆಂದೇ ಅದರ ಸಂಕೇತದಲ್ಲಿ ತಪ್ಪು ಬೆರೆಸುತ್ತಿದ್ದುದರಿಂದ ನೂರು ಮೀಟರ್‌ವರೆಗೂ ವ್ಯತ್ಯಾಸ ಬರುತ್ತಿತ್ತು, 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದರು. ಈಗ ನಿನ್ನ ಯಂತ್ರ ನೀನಿರುವ ಜಾಗವನ್ನು ಕೆಲವೇ ಮೀಟರ್‌ಗಳಷ್ಟು ಸರಿಯಾಗಿ ತೋರಿಸುತ್ತದೆ, ಒಪ್ಪಿದೆ. ಆದರೆ ಅದರ ಕೆಳಗೆ ಇರುವ ನಕ್ಷೆ ಎಂದೋ ಯಾರೋ ಅಳೆದು ಬರೆದದ್ದು. ಯಂತ್ರ ಎಷ್ಟು ಸರಿಯಾಗಿದ್ದರೂ ಅಳತೆಯ ತಪ್ಪು ತಪ್ಪಾಗಿಯೇ ಉಳಿಯುತ್ತದೆ. 2014ರ ನವೆಂಬರ್ 29ರಂದು ಜಗತ್ತನ್ನು ಸುತ್ತುವ ವೋಲ್ವೊ ಪಂದ್ಯದ ‘ವೆಸ್ಟಾಸ್ ವಿಂಡ್’ ದೋಣಿ ಹಿಂದೂ ಮಹಾಸಾಗರದ ಕಾರ್ಗಾಡೋಸ್ ಕರಾಹೋಸ್ ದಿಬ್ಬಕ್ಕೆ ರಾತ್ರಿ ಪೂರ್ತಿ ವೇಗದಲ್ಲಿ ಹೋಗಿ ಬಡಿಯಿತು. ಅದರಲ್ಲಿದ್ದ ಒಂಬತ್ತು ಜನರಲ್ಲಿ ಹೆಚ್ಚಿನವರು ಕಡಲಿನಲ್ಲೇ ಪಳಗಿದವರು. ಪರದೆಯ ಮೇಲಿನ ನಕ್ಷೆಯನ್ನು ಸಾಕಷ್ಟು ಹಿಗ್ಗಿಸಿ ನೋಡದಿದ್ದುದರಿಂದ ಅಷ್ಟು ದೊಡ್ಡ ದಿಬ್ಬ ಅವರ ಗಮನಕ್ಕೆ ಬರಲಿಲ್ಲ. ಎಲ್ಲರೂ ಬದುಕುಳಿದರು ಎಂಬುದು ಪುಣ್ಯ. ಅವರಿಗೆ ದಿಬ್ಬ ಇರುವುದೇ ತಿಳಿದಿರಲಿಲ್ಲ, ನಮಗೆ ತಿಳಿದಿತ್ತು. ಎರಡು ಸಲ ಅದೇ ಬಂದರಿಗೆ ಹೋಗಿ ಬಂದಿದ್ದೆವು. ತಿಳಿದೂ ಹೋದದ್ದು ಮರುದಿನದ ವಿಮಾನಕ್ಕಾಗಿ.

ಮತ್ತೆ ಅದಕ್ಕೇ ಬಂದೆ, ಕ್ಷಮಿಸು. “ಹೊರಡಲೇಬೇಕು” ಎಂಬ ಮಾತನ್ನು ಬರೆಯುವಾಗ ನೀನು ಗಾಳಿಯನ್ನು ನೋಡಿರಲಿಲ್ಲ, ಟಿಕೆಟ್ಟನ್ನು ನೋಡಿದ್ದೆ. ಬರುವ ಅತಿಥಿಗಳು ಊರನ್ನು ಆರಿಸಿಕೊಳ್ಳಲಿ ಅಥವಾ ದಿನವನ್ನು ಆರಿಸಿಕೊಳ್ಳಲಿ, ಎರಡನ್ನೂ ಆರಿಸುವಂತಿಲ್ಲ ಎಂದು ಹಾಯಿದೋಣಿಯವರಲ್ಲಿ ಒಂದು ಮಾತಿದೆ, ನೀನೂ ಕೇಳಿರುತ್ತೀಯೆ. ಕೇಳುವಾಗ ಎಲ್ಲರೂ ತಲೆಯಾಡಿಸುತ್ತಾರೆ, ನಾನೂ ಆಡಿಸಿದ್ದೆ. ಆದರೆ ಪ್ರೀತಿಯಿಂದ ಬಂದವರು ಎದುರಿಗೆ ಕುಳಿತು, “ಹೇಗೂ ತಲುಪುತ್ತೇವಲ್ಲವೇ?” ಎಂದು ಕೇಳಿದಾಗ ಇಲ್ಲ ಎನ್ನುವುದಕ್ಕೆ ನಾಲಿಗೆ ಏಳುವುದಿಲ್ಲ. ಅವರಿಗೆ ಸಮುದ್ರ ಗೊತ್ತಿಲ್ಲ. ಆದ್ದರಿಂದ ಅವರ ಕೇಳಿಕೆಯಲ್ಲಿ ತಪ್ಪಿಲ್ಲ. ಗೊತ್ತಿರುವವನು ನೀನು.

ಇಷ್ಟೆಲ್ಲ ಹೇಳಿದ ಮೇಲೆ ಏನು ಮಾಡಬೇಕೆಂದು ಹೇಳದಿದ್ದರೆ ಅದೂ ಸರಿಯಲ್ಲ. ನಾನು ಚುಕ್ಕಾಣಿ ಮುಟ್ಟಿ ಬಹಳ ಕಾಲವಾಯಿತು. ನಿನಗೆ ತಿಳಿದದ್ದನ್ನೇ ಹೇಳುತ್ತಿದ್ದರೆ ಬೇಸರಿಸಬೇಡ. ಕ್ಯಾರಿಯಕೂ ದ್ವೀಪವನ್ನು ಈ ಸಲ ಬಿಟ್ಟುಬಿಡಬಹುದೇನೋ. ಅದು ಗ್ರೆನಡಾಕ್ಕೆ ಸೇರಿದ್ದು. ಯೂನಿಯನ್‌ನಲ್ಲಿ ಒಂದು ದೇಶದಿಂದ ಹೊರಟ ಕಾಗದ, ಅಲ್ಲಿ ಇನ್ನೊಂದು ದೇಶಕ್ಕೆ ಬಂದ ಕಾಗದ, ಹಿಂದಿರುಗುವಾಗ ಮತ್ತೆ ಅದೇ, ಆರು ಜನರ ಪಾಸ್‌ಪೋರ್ಟ್‌ಗಳೊಂದಿಗೆ. ನಿನ್ನ ಎಂಟು ದಿನಗಳಲ್ಲಿ ಒಂದೂವರೆ ದಿನ ಅಲ್ಲಿಯೇ ಹೋಗುತ್ತದೆ, ಆ ಒಂದೂವರೆ ದಿನವೇ ಶನಿವಾರದ ಕೊರಳಿಗೆ ಬೀಳುತ್ತದೆ. ಟೊಬೇಗೊ ಕೀಸ್ ನೋಡಿಕೊಂಡು ಬುಧವಾರವೇ ಉತ್ತರಕ್ಕೆ ತಿರುಗಿದರೆ ಕ್ಯಾನವಾನ್ ದ್ವೀಪದಲ್ಲಿ ಒಂದು ರಾತ್ರಿ ನಿಂತು, ಗುರುವಾರವೋ ಶುಕ್ರವಾರವೋ, ಗಾಳಿ ಯಾವ ದಿನ ಬಿಡುತ್ತದೋ ಆ ದಿನ, ಬೆಕ್ವೇ ಸೇರಬಹುದು. ಅಲ್ಲಿಯ ಅಡ್ಮಿರಲ್ಟಿ ಕೊಲ್ಲಿ ಪಶ್ಚಿಮಕ್ಕೆ ಅಗಲವಾಗಿ ತೆರೆದಿದೆ, ಯೂನಿಯನ್‌ನಂತೆ ಹವಳದ ಸಂದಿಯಲ್ಲಿ ನುಸುಳಬೇಕಾಗಿಲ್ಲ. ಅಲ್ಲಿಂದ ಸೇಂಟ್ ವಿನ್ಸೆಂಟ್‌ಗೆ ದಿನಕ್ಕೆ ಹಲವು ಬಾರಿ ಫೆರಿ ಹೋಗುತ್ತದೆ, ಒಂದು ಗಂಟೆಯ ದಾರಿ. ಶನಿವಾರ ಸ್ನೇಹಿತರನ್ನು ಫೆರಿಗೆ ಹತ್ತಿಸಿ ನೀನು ದೋಣಿಯನ್ನು ಅಲ್ಲಿಯೇ ಇಟ್ಟುಕೊಂಡಿರಬಾರದೇ? ಅವರನ್ನು ದೋಣಿಯಲ್ಲೇ ವಿಮಾನದ ಬಾಗಿಲಿಗೆ ಮುಟ್ಟಿಸಬೇಕೆಂಬ ಹಟವೇನೂ ಬೇಡವಲ್ಲ.

ಇನ್ನು ಉಳಿದವು ಸಣ್ಣ ಮಾತುಗಳು. ಬಂದ ಮೊದಲ ಸಂಜೆಯೇ, ಎಲ್ಲರೂ ಹುರುಪಿನಲ್ಲಿರುವಾಗಲೇ, ತಲುಪುವ ದಿನವನ್ನು ಗಾಳಿ ನಿರ್ಧರಿಸುತ್ತದೆ ಎಂದು ಹೇಳಿಬಿಡು. ಕೊನೆಯ ದಿನ ಹೇಳಿದರೆ ಅದು ನೆಪದಂತೆ ಕೇಳುತ್ತದೆ. ನಾಲ್ವರಲ್ಲಿ ಒಬ್ಬರಿಗಾದರೂ ಎಂಜಿನ್ ನಿಲ್ಲಿಸುವುದನ್ನೂ, ಹಾಯಿ ಇಳಿಸುವುದನ್ನೂ, ರೇಡಿಯೋದಲ್ಲಿ 16ನೇ ಚಾನೆಲ್‌ಗೆ ಹೋಗಿ ಸಹಾಯ ಕೇಳುವುದನ್ನೂ ಕಲಿಸು. ನೀವಿಬ್ಬರೂ ಒಟ್ಟಿಗೆ ಕೆಲಸಕ್ಕೆ ಬಾರದ ಸ್ಥಿತಿ ಬರುವುದಿಲ್ಲವೆಂದು ಹೇಳಲಾಗದು. ಮೂತಿಯಲ್ಲಿ ನಿಲ್ಲುವವರಿಗೆ ನೀರಿನ ಹೊಳಪನ್ನು ತಡೆಯುವ ಪೋಲರಾಯ್ಡ್ ಕನ್ನಡಕ ಕೊಡು. ಮೋಡದ ನೆರಳೂ ಹವಳದಂತೆಯೇ ಕಂದಾಗಿ ಕಾಣುತ್ತದೆ, ಆದರೆ ನೆರಳು ಸರಿಯುತ್ತದೆ, ಹವಳ ಸರಿಯುವುದಿಲ್ಲ ಎಂದು ಅವರಿಗೆ ತಿಳಿಸು. ಲಂಗರು ಬಿದ್ದ ಮೇಲೆ ಮುಳುಗಿ ಕಣ್ಣಾರೆ ನೋಡಿ ಬಾ, ಅದು ಮರಳಿನಲ್ಲೇ ಕಚ್ಚಿರಬೇಕು. ಅದರ ಸರಪಳಿಯನ್ನು ನೀರಿನ ಆಳದ ಐದು ಪಟ್ಟಾದರೂ ಬಿಡು. ಪಕ್ಕದ ದೋಣಿಯವರು ಮುಖ ಗಂಟಿಕ್ಕಿದರೂ ಸರಿಯೇ. ಕುಡಿಯುವ ನೀರಿನ ವಿಷಯ ನಿನ್ನ ಹೆಂಡತಿ ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾಳೆ.

ದೋಣಿ ಬಡಿದ ಕ್ಷಣದಲ್ಲಿ ನನ್ನ ಗೆಳತಿ ಒಳಗಿನ ಮೆಟ್ಟಿಲುಗಳ ಮೇಲಿದ್ದಳು. ಅವಳ ಮುಂಗೈ ಮುರಿಯಿತು. ಚುಕ್ಕಾಣಿಯ ಅಲಗು ಸೀಳಿತು, ತಳದಲ್ಲಿ ನೀರು ಜಿನುಗಿತು, ಕತ್ತಲೆಯಾಗುವಷ್ಟರಲ್ಲಿ ಮೀನುಗಾರರು ಬಂದು ಎಳೆದು ದಡ ಮುಟ್ಟಿಸಿದರು. ಬೆಳಗಿನ ವಿಮಾನ ಅವರಿಲ್ಲದೆಯೇ ಹೋಯಿತು. ಯಾವುದಕ್ಕಾಗಿ ಹೊರಟೆವೋ ಅದೂ ಉಳಿಯಲಿಲ್ಲ. ಗೆಳತಿ ನನ್ನನ್ನು ಒಂದು ಮಾತೂ ಬೈಯಲಿಲ್ಲ, ಆದರೆ ಆಮೇಲೆ ಅವಳ ಪತ್ರಗಳು ಕಿರಿದಾಗುತ್ತ ಬಂದು ನಿಂತವು. ಆ ರಾತ್ರಿ, ನಡೆದದ್ದೇನೆಂದು ಅವಳ ಗಂಡ ಕೇಳಿದಾಗ ನಿನ್ನ ಚಿಕ್ಕಪ್ಪ ಎಂಜಿನ್‌ನ ಮಾತು ತೆಗೆದರು. ನಾನು ಪಕ್ಕದಲ್ಲೇ ಕುಳಿತಿದ್ದೆ. ಮನೆಗೆ ಬಂದ ಮೇಲೂ ಅದನ್ನೇ ಹೇಳಿದರು, ಸಾಯುವವರೆಗೂ ಅದನ್ನೇ ಹೇಳಿದರು. ಎಂಜಿನ್ನನ್ನು ಸರಿಯಾಗಿ ನೋಡಿಕೊಳ್ಳಲಿಲ್ಲವೆಂದು ನಿನ್ನ ಅಪ್ಪ ಅವರನ್ನು ಹೀಯಾಳಿಸುತ್ತಿದ್ದುದು ನಿನಗೆ ನೆನಪಿರಬೇಕು; ಆಗಲೂ ಅವರು ನನ್ನ ಕಡೆ ತಿರುಗಿ ನೋಡಲಿಲ್ಲ. “ನೀವು ಬೇಡವೆಂದಿದ್ದಿರಿ, ಹೊರಡಿಸಿದವಳು ನಾನು” ಎಂದು ನಾನು ಅವರಿಗೆ ಒಂದು ಸಲವೂ ಬಾಯಿ ಬಿಟ್ಟು ಹೇಳಲಿಲ್ಲ. ಈಗ ನಿನಗೆ ಹೇಳಿದ್ದೇನೆ. ನಿನ್ನ ಅಪ್ಪನಿಗೂ ಈ ಪತ್ರ ತೋರಿಸು.

ಹೆಂಡತಿಗೂ ಓದಿಸು. ಬರುವವರು ಅವಳ ಸ್ನೇಹಿತರು ಎಂದು ಬರೆದಿದ್ದೀಯೆ, ಅದಕ್ಕಾಗಿಯೇ ಓದಿಸಬೇಕು. ಹೊರಡುವುದು ಬೇಡವೆಂದು ನಿಮ್ಮಿಬ್ಬರಲ್ಲಿ ಯಾರಿಗೆ ಅನ್ನಿಸಿದರೂ ಇನ್ನೊಬ್ಬರು ಅತಿಥಿಗಳ ಎದುರಿನಲ್ಲಿ ಎದುರು ಮಾತಾಡುವುದಿಲ್ಲವೆಂದು ಈಗಲೇ ಮಾತು ಮಾಡಿಕೊಳ್ಳಿ. ನಾವು ಅಂಥ ಮಾತು ಮಾಡಿಕೊಂಡಿರಲಿಲ್ಲ.

ಪ್ರವಾಸ ಮುಗಿದ ಮೇಲೆ ಉದ್ದವಾಗಿ ಬರೆ. ಅದಕ್ಕೆ ಮೊದಲು, ಶನಿವಾರ ಸಂಜೆ ಐದು ಗಂಟೆಗೆ ದೋಣಿ ಎಲ್ಲಿ ಲಂಗರು ಹಾಕಿ ನಿಂತಿತ್ತು ಎಂಬುದಷ್ಟನ್ನು ಒಂದು ಸಾಲಿನಲ್ಲಿ ತಿಳಿಸು. ನಾನು ಎದ್ದೇ ಇರುತ್ತೇನೆ.

ನಿನ್ನ,
ಚಿಕ್ಕಮ್ಮ