ಗೆಳೆಯನಿಗೊಂದು ಪತ್ರ: ಪರದೆಯ ಹಿಂದಿನ ಅವ್ವ

ಪ್ರೀತಿಯ ಗೆಳೆಯಾ,

ಈ ಸಲ ಜಾತ್ರೆ ಕಮಿಟಿಗೆ ನಿನ್ನನ್ನೂ ಸೇರಿಸಿಕೊಂಡಿದ್ದಾರೆ ಅಂತ ಅವ್ವ ಫೋನಿನಲ್ಲಿ ಹೇಳಿದಳು. ಕೇಳಿ ಖುಷಿಯಾಯಿತು. ರಾತ್ರಿಗೆ ಆರ್ಕೆಸ್ಟ್ರಾ ಗೊತ್ತು ಮಾಡುವ ಮಾತು ನಡೆದಿದೆಯಂತೆ. ಅಡ್ವಾನ್ಸ್ ಕೊಡುವ ಮೊದಲು ಇದನ್ನೊಂದು ಓದು.

ಹನುಮಪ್ಪನ ಗುಡಿ ಮುಂದೆ ತೊಗಲುಗೊಂಬೆಯಾಟ ಆಡಿದ ಆ ರಾತ್ರಿ ನೆನಪಿದೆಯಾ? ನಾವು ನಾಲ್ಕನೇ ಕ್ಲಾಸಿನಲ್ಲಿದ್ದೆವು. ಆ ವರ್ಷ ಮಳೆ ಕೈಕೊಟ್ಟಿತ್ತು. ಗೊಂಬೆ ಆಡಿಸಿದರೆ ಮಳೆ ಬರುತ್ತದೆ ಅಂತ ಹಿರಿಯರು ಪಟ್ಟಿ ಎತ್ತಿ, ಗೊಂಬೆ ಆಡಿಸುವ ಕುಲದ ಶಿಳ್ಳೇಕ್ಯಾತರನ್ನು ಕರೆಸಿದ್ದರು. ಬಿಳಿ ಪಂಚೆ ಕಟ್ಟಿದರು, ಹಿಂದೆ ದೀಪ ಇಟ್ಟರು. ಮೊದಲು ಗಣಪತಿ ಬಂದ, ಆಮೇಲೆ ಸರಸ್ವತಿ. ಅವರು ಹೋದ ಮೇಲೆ ನಗಿಸುವ ಗಂಡ-ಹೆಂಡತಿ ಗೊಂಬೆಗಳಾದ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಜಗಳ ಶುರು ಮಾಡಿದರು. ನಕ್ಕು ನಕ್ಕು ನಿನ್ನ ಕೈಲಿದ್ದ ಮಂಡಕ್ಕಿ ಎಲ್ಲ ಚೆಲ್ಲಿತ್ತು.

ನಡುರಾತ್ರಿ ನಾವಿಬ್ಬರೂ ಸುಮ್ನೆ ಎದ್ದು ಪರದೆಯ ಹಿಂದೆ ಹೋದೆವಲ್ಲ, ನನ್ನ ಮನಸ್ಸಿನಲ್ಲಿ ಉಳಿದದ್ದು ಅದು. ಹಿಂದೆ ಇಡೀ ಒಂದು ಮನೆಯೇ ಇತ್ತು. ಅಜ್ಜ ಹಾರ್ಮೋನಿಯಂ ಒತ್ತುತ್ತಿದ್ದ. ಮಗ ಗೊಂಬೆ ಹಿಡಿದು ಕಾಲಿನಿಂದ ಹಲಗೆ ಒದೆಯುತ್ತಿದ್ದ. ನಮಗೆ ಮುಂದೆ ಯುದ್ಧದ ಸದ್ದಾಗಿ ಕೇಳಿದ್ದು ಅದೇ. ಸೊಸೆ ನೆಲಕ್ಕೆ ಕೂತು ಸೀತೆಯ ಹಾಡು ಹೇಳುತ್ತಿದ್ದಳು. ಒಂದು ಕೈಯಲ್ಲಿ ಸೀತೆಯ ಬಿದಿರು ಕಡ್ಡಿ, ಇನ್ನೊಂದು ಕೈ ತೊಡೆಯ ಮೇಲಿನ ಕೂಸಿನ ಬೆನ್ನಿಗೆ. ಅವಳು ಅಳುವ ದನಿ ತೆಗೆದಾಗಲೂ ಕೂಸು ಬೆಚ್ಚಲಿಲ್ಲ. ಕಣ್ಣು ಬಿಟ್ಟುಕೊಂಡು ಅವ್ವನ ಬಾಯನ್ನೇ ನೋಡುತ್ತಿತ್ತು.

ಆ ಮನೆತನಗಳಲ್ಲಿ ಕತೆ ದಾಟುವುದು ಹೀಗೆ. ಯಾರೂ ಕೂರಿಸಿ ಪಾಠ ಹೇಳುವುದಿಲ್ಲ. ತೊಡೆಯ ಮೇಲೆ ಮಲಗಿದ್ದ ಕೂಸು ಮುಂದೆ ತಾಳ ಹಿಡಿಯುತ್ತದೆ, ಆಮೇಲೆ ಕಪಿಸೇನೆಯ ಒಂದು ಗೊಂಬೆ ಹಿಡಿಯುತ್ತದೆ, ಕೊನೆಗೆ ರಾಮನನ್ನು. ಮನೆಯೊಳಗೆ ಅವರಾಡುವ ಮಾತು ಮರಾಠಿಯ ಒಂದು ಬಗೆ. ಪರದೆಗೆ ಬಂದರೆ ಮಾತ್ರ ಕನ್ನಡ. ಯೋಚಿಸು, ಇಡೀ ರಾಮಾಯಣ, ಮಹಾಭಾರತ ಮನೆಮಾತಲ್ಲದ ಭಾಷೆಯಲ್ಲಿ, ಬರೀ ಕಿವಿಯಿಂದ ಕಿವಿಗೆ ಬಂದಿದೆ. ಬೇಸಿಗೆಯಲ್ಲಿ ಆಟ, ಉಳಿದ ಕಾಲ ಹೊಳೆಯಲ್ಲಿ, ಕೆರೆಯಲ್ಲಿ ಮೀನು ಹಿಡಿದು ಹೊಟ್ಟೆ ಹೊರೆದ ಜನ ಅವರು.

ನಮ್ಮ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಇದ್ದಾರಲ್ಲ, 2025ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಾನು ಪೇಪರ್ ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದೆ. ಆಗ ಅವರಿಗೆ 96 ವರ್ಷ. ಎಪ್ಪತ್ತಕ್ಕೂ ಜಾಸ್ತಿ ವರ್ಷ ಗೊಂಬೆ ಆಡಿಸಿದ್ದಾರೆ. ಹತ್ತಕ್ಕಿಂತ ಹೆಚ್ಚು ದೇಶ ನೋಡಿ ಬಂದಿದ್ದಾರೆ. ಪೇಪರಿನವರು 'ಗೊಂಬೆಯಾಟದ ಅಜ್ಜಿ' ಅಂದರು. ನನಗೆ ಕಂಡದ್ದು ಅಂದು ಪರದೆಯ ಹಿಂದೆ ಕೂತಿದ್ದ ಆ ಸೊಸೆ. ಆ ಹಾಡುವವಳ ಮುಖ ಊರು ನೋಡಿರಲಿಲ್ಲ. ಕೇಳಿದ್ದು ದನಿ ಮಾತ್ರ. ಭೀಮವ್ವನಂಥ ಹೆಣ್ಣುಮಗಳಿಗೆ ಇಷ್ಟು ವರ್ಷದ ಮೇಲೆ ಬೆಳಕು ಎದುರಿನಿಂದ ಬಿತ್ತು. ಅವರ ಮನೆಯಲ್ಲಿ ಮಕ್ಕಳು, ಮೊಮ್ಮಕ್ಕಳು ಗೊಂಬೆ ಕೆಳಗಿಟ್ಟಿಲ್ಲ ಅನ್ನುವುದು ನನಗೆ ಪ್ರಶಸ್ತಿಗಿಂತ ದೊಡ್ಡ ಸುದ್ದಿ.

ಆದರೆ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯನ್ನು, ಸ್ವಾತಂತ್ರ್ಯ ಹೋರಾಟವನ್ನು ಇದೇ ತೊಗಲುಗೊಂಬೆಯ ಪರದೆಗೆ ತಂದವರು. 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅಂಥವರು ಹೋದರೆ ಒಬ್ಬರು ಹೋದಂತಲ್ಲ, ಅವರ ಗಂಟಲಲ್ಲಿದ್ದ ರಾವಣ, ಮಂಡೋದರಿ, ಹನುಮಂತ ಎಲ್ಲರೂ ಹೋದಂತೆ.

ಕಳೆದ ತಿಂಗಳು ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಹೋಗಿದ್ದೆ. ಆ ಪರಿಷತ್ತನ್ನು ಕಟ್ಟಿದ ಎಂ. ಎಸ್. ನಂಜುಂಡರಾಯರು ಊರೂರು ತಿರುಗಿ ಕೂಡಿಸಿದ ತೊಗಲುಗೊಂಬೆಗಳು ಅಲ್ಲಿವೆ. ಅವರು ಕೂಡಿಸದಿದ್ದರೆ ಎಷ್ಟೋ ಗೊಂಬೆಗಳನ್ನು ಹುಳ ತಿನ್ನುತ್ತಿದ್ದವು. ಹತ್ತಿರ ನಿಂತು ನೋಡಿದೆ. ಆಡಿನ ತೊಗಲು, ಕೆಂಪು, ಹಸಿರು, ಕಪ್ಪು ಬಣ್ಣ. ರಾಜ ದೊಡ್ಡವನು, ಆಳು ಚಿಕ್ಕವನು. ಒಡವೆ ಇರುವ ಕಡೆಯೆಲ್ಲ ಉಳಿಯಿಂದ ಕೊರೆದ ಸಣ್ಣ ಸಣ್ಣ ತೂತು. ಹಿಂದೆ ದೀಪ ಇದ್ದರೆ ಆ ತೂತುಗಳೇ ಮುತ್ತು, ಅವೇ ಬಂಗಾರ. ಒಂದು ಗೊಂಬೆಯ ಸೊಂಟದ ಹತ್ತಿರ ತೊಗಲು ಹರಿದಿತ್ತು. ಅಲ್ಲಿ ಯಾರೋ ದಾರದಿಂದ ಹೊಲಿದಿದ್ದರು, ಕೌದಿ ಹೊಲಿದ ಹಾಗೆ, ಉದ್ದುದ್ದ ಹೊಲಿಗೆ. ನನ್ನ ಕಣ್ಣು ತುಂಬಿತು ಕಣೋ. ಗೊಂಬೆ ಉಳಿದಿದೆ. ಅದನ್ನು ಹೊಲಿದ ಕೈಯವಳು ಏನು ಹಾಡುತ್ತಿದ್ದಳು?

ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಈ ಸಲ ಆರ್ಕೆಸ್ಟ್ರಾ ಬಿಡು, ಗೊಂಬೆಯಾಟ ಕರೆಸು. ನಮ್ಮ ಸುತ್ತಮುತ್ತ ಇನ್ನೂ ಆಡುವ ಮನೆತನಗಳಿವೆ. ಮೋರನಾಳದಲ್ಲೇ ವಿಚಾರಿಸಿದರೆ ದಾರಿ ಸಿಗುತ್ತದೆ. ಸನ್ಮಾನ, ಶಾಲು, ಭಾಷಣ ಏನೂ ಬೇಡ. ಅವರಿಗೆ ಬೇಕಾದದ್ದು ಆಟ, ಆಟಕ್ಕೆ ಸರಿಯಾದ ಸಂಭಾವನೆ, ಮುಂದೆ ಕೂರುವ ಜನ. ಮುಕ್ಕಾಲು ಗಂಟೆಯಲ್ಲಿ ಮುಗಿಸಿರಿ ಅಂತ ದಯವಿಟ್ಟು ಹೇಳಬೇಡ. ಊರಿನ ಹುಡುಗರು ಕೂರುವುದಿಲ್ಲ ಅಂತ ಕಮಿಟಿಯವರು ಅನ್ನಬಹುದು. ಕಿಳ್ಳೇಕ್ಯಾತ ಬಾಯಿ ತೆರೆಯುವವರೆಗೆ ತಡೆಯಿರಿ ಅನ್ನು. ನಾವು ಕೂತಿರಲಿಲ್ಲವಾ?

ಖರ್ಚಿನಲ್ಲಿ ಅರ್ಧ ನನ್ನದು. ಇದೇ ವಾರ ಕಳಿಸುತ್ತೇನೆ, ಪಟ್ಟಿಯಲ್ಲಿ ಅಪ್ಪನ ಹೆಸರು ಬರೆಸು. ರಜೆ ಹಾಕಿ ಎರಡು ದಿನ ಮೊದಲೇ ಬರುತ್ತೇನೆ. ಮಗಳನ್ನೂ ಕರೆತರುತ್ತೇನೆ. ಅವಳಿಗೀಗ ಒಂಬತ್ತು, ನಮಗಾಗ ಇದ್ದಷ್ಟೇ ವಯಸ್ಸು.

ಗುಡಿ ಮುಂದಿನ ದೊಡ್ಡ ಲೈಟು ಆ ರಾತ್ರಿ ಆರಿಸುವಂತೆ ಲೈನ್‌ಮನ್‌ಗೆ ಈಗಲೇ ಹೇಳಿಡು. ಪರದೆಯ ಹಿಂದೆ ಒಂದು ಚಾಪೆ, ಎರಡು ಕೌದಿ ಇರಲಿ. ಅವರ ಜೊತೆ ಕೂಸುಗಳು ಬಂದೇ ಬರುತ್ತವೆ.

ನಿನ್ನ ಗೆಳೆಯ