ಮಗಳಿಗೊಂದು ಪತ್ರ: ರೋಹಿಣಿ ಮಳೆಗೆ ಮುಂಚೆ ಒಮ್ಮೆ ಬಾ

ಗದಗ,
ರವಿವಾರ, ಬೆಳಗಿನ ಹೊತ್ತು

ಚಿರಂಜೀವಿ ಸೌಭಾಗ್ಯವತಿ ಮಗಳಿಗೆ ನಿನ್ನ ಅಪ್ಪನ ಅನೇಕ ಆಶೀರ್ವಾದಗಳು. ನಾವಿಬ್ಬರೂ ಇಲ್ಲಿ ಕ್ಷೇಮವಾಗಿದ್ದೇವೆ. ನಿಮ್ಮೆಲ್ಲರ ಕ್ಷೇಮವನ್ನು ಬಯಸುತ್ತೇವೆ.

ಈ ಬೇಸಿಗೆ ರಜೆಗೆ ಮಕ್ಕಳನ್ನು ಊರಿಗೆ ಕಳುಹಿಸುವುದಿಲ್ಲವೆಂದೂ, ಬೆಂಗಳೂರಿನ ನಿಮ್ಮ ಮನೆಯ ಹತ್ತಿರದ ಬೇಸಿಗೆ ಶಿಬಿರಕ್ಕೆ ಹೆಸರು ಹಚ್ಚಿ ಹಣ ಕಟ್ಟಿದ್ದೂ ಆಗಿದೆಯೆಂದೂ ನೀನು ಫೋನಿನಲ್ಲಿ ಹೇಳಿದಾಗ ನಾನು ಏನೂ ಮಾತಾಡದೆ ಫೋನನ್ನು ನಿಮ್ಮವ್ವನ ಕೈಗೆ ಕೊಟ್ಟೆ. ಅದರಿಂದ ನಿನ್ನ ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸು. ಶಿಬಿರದ ಮೇಲೆ ನನಗೆ ಸಿಟ್ಟಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ನಿಂತು ಕೆಲಸ ಮಾಡುವ ನೀನು ರಜೆಯ ದಿನಗಳಲ್ಲಿ ಇಬ್ಬರು ಮಕ್ಕಳನ್ನು ಎಲ್ಲಿ ಬಿಡಬೇಕೆಂದು ತಲೆ ಕೆಡಿಸಿಕೊಂಡಿರುತ್ತೀಯೆಂಬುದು ನನಗೆ ತಿಳಿಯದ ಮಾತಲ್ಲ. ಆದರೆ "ಆ ಬಿಸಿಲಾಗ ಅಲ್ಲಿ ನೋಡಾಕರ ಏನೈತಿ ಅಪ್ಪಾ?" ಎಂದು ನೀನು ಕೇಳಿದ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಬೇರೆ ಯಾರಾದರೂ ಕೇಳಿದ್ದರೆ ನಾನು ಸುಮ್ಮನಿರುತ್ತಿದ್ದೆ. ಕೇಳಿದವಳು ನೀನು. ಲಕ್ಕುಂಡಿಯ ಮುಸುಕಿನ ಬಾವಿಯ ಮೆಟ್ಟಿಲುಗಳನ್ನು ಎಣಿಸಿದವಳು ನೀನು. ಫೋನಿನಲ್ಲಿ ಉತ್ತರ ಹೇಳಲು ಹೋದರೆ ನನ್ನ ದನಿ ಏರುತ್ತದೆಯೆಂದು ಕಾಗದದಲ್ಲಿ ಬರೆಯುತ್ತಿದ್ದೇನೆ.

ಆ ಮೆಟ್ಟಿಲುಗಳನ್ನು ಎಣಿಸಿದ್ದು ಯಾವ ವರ್ಷವೆಂದು ನಿನಗೆ ಗೊತ್ತಿದೆ. ಆ ವರ್ಷ ಮಳೆ ಕೈಕೊಟ್ಟಿದ್ದೂ, ಅದರಿಂದ ನಮ್ಮ ಮನೆಯಲ್ಲಿ ನಡೆದದ್ದೂ ಇಬ್ಬರಿಗೂ ನೆನಪಿರುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲಿಗೂ ದೂರ ಹೋಗುವ ಅನುಕೂಲವಿಲ್ಲದ ಆ ಬೇಸಿಗೆಯಲ್ಲಿ ರವಿವಾರ ಬೆಳಗ್ಗೆ ಮೊದಲ ಬಸ್ಸಿಗೆ ನಿನ್ನನ್ನು ಲಕ್ಕುಂಡಿಗೆ ಕರೆದುಕೊಂಡು ಹೋಗಿದ್ದೆ. ಗದಗಿನಿಂದ ಹನ್ನೆರಡು ಕಿಲೋಮೀಟರ್ ಸುಮಾರಿನ ಊರು. ನಾನು ನಿನಗೆ ತೋರಿಸಬೇಕೆಂದುಕೊಂಡಿದ್ದು ಬ್ರಹ್ಮ ಜಿನಾಲಯವನ್ನು. ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ್ದು, ಅವಳ ಶಾಸನ 1007ರದು, ಅದಕ್ಕೂ ಮುಂಚೆ ಈ ಭಾಗದಲ್ಲಿ ಮರಳುಗಲ್ಲಿನಲ್ಲಿ ಕಟ್ಟುತ್ತಿದ್ದವರು ಬಳಪದ ಕಲ್ಲಿಗೆ ಬಂದಿದ್ದು ಇಂಥ ಗುಡಿಗಳಿಂದಲೇ ಎಂದೆಲ್ಲ ದಾರಿಯುದ್ದಕ್ಕೂ ಹೇಳಿಕೊಂಡು ಹೋಗಿದ್ದೆ. ನೀನು ಅದನ್ನು ಕೇಳಿಸಿಕೊಂಡಂತೆ ನನಗೆ ಅನ್ನಿಸಲಿಲ್ಲ. ಮುಸುಕಿನ ಬಾವಿಯ ಬಳಿ ಬಂದಾಗ ಮಾತ್ರ ನೀನು ನನ್ನ ಕೈ ಬಿಡಿಸಿಕೊಂಡು ಇಳಿದೆ. ಗೋಡೆಯ ಒಳಮೈಯಲ್ಲಿ ಪುಟ್ಟ ಪುಟ್ಟ ಗೋಪುರಗಳಿರುವ ಗೂಡುಗಳನ್ನು ಕಟ್ಟಿ ಅವುಗಳಲ್ಲಿ ಲಿಂಗಗಳನ್ನಿಟ್ಟಿದ್ದಾರಲ್ಲ, ಅವುಗಳ ಮರೆಗೆ ನೀನು ಹೋಗಿ ಕಾಣದಂತಾದೆ. ನಾನು ಮೇಲಿನಿಂದ ಕೂಗಿದೆ. ಉತ್ತರ ಬರಲಿಲ್ಲ. ಮತ್ತೆ ಕೂಗಿದೆ. ನನ್ನ ದನಿಯೇ ಕಲ್ಲಿಗೆ ಬಡಿದು ತಿರುಗಿ ಬಂತು. ಕೆಳಗೆ ಎಷ್ಟು ನೀರಿದೆಯೆಂದು ನನಗೆ ಗೊತ್ತಿರಲಿಲ್ಲ. ಪಾಚಿ ಹಿಡಿದ ಮೆಟ್ಟಿಲುಗಳಲ್ಲಿ ಚಪ್ಪಲಿ ಕಳಚಿಟ್ಟು ಅರ್ಧ ದಾರಿ ಇಳಿಯುವಷ್ಟರಲ್ಲಿ ನೀನು ಕೆಳಗಿನಿಂದ ಏರಿ ಬಂದು, ನಾನು ಬೈಯುವ ಮೊದಲೇ, ನೀರು ಕೆಳಗೆ ಹೋಗಿದೆ, ಹೊಸದಾಗಿ ಇನ್ನೊಂದು ಮೆಟ್ಟಿಲು ಕಂಡಿದೆ, ಅದರ ಮೇಲೆ ಕೆಸರು ಇನ್ನೂ ಹಸಿಯಾಗಿದೆ ಎಂದು ಹೇಳಿದೆ.

ಮುಂದಿನ ವಾರ ಬೇರೆ ಎಲ್ಲಿಗೂ ಹೋಗಲು ನೀನು ಒಪ್ಪಲಿಲ್ಲ. ಎಷ್ಟು ಮೆಟ್ಟಿಲು ಕಂಡಿವೆಯೆಂದು ನೋಡಬೇಕು ಎಂದು ಹಟ ಹಿಡಿದೆ. ಅದರ ಮುಂದಿನ ವಾರವೂ ಹಾಗೆಯೇ ಆಯಿತು. ಲೆಕ್ಕವನ್ನು ನೀನು ಶಾಲೆಯ ನೋಟುಬುಕ್ಕಿನ ಕೊನೆಯ ಪುಟದಲ್ಲಿ ಗೀಟು ಹಾಕಿ ಬರೆಯುತ್ತಿದ್ದೆ. ಇಂದು ನೀನು ಪ್ರಯೋಗಾಲಯದಲ್ಲಿ ದಿನದಿನವೂ ಅಳೆದು ಬರೆದಿಡುವ ಕೆಲಸ ಮಾಡುತ್ತಿರುವುದನ್ನು ಯಾರಿಗಾದರೂ ಹೇಳುವಾಗ ನಾನು ಆ ಪುಟದಿಂದಲೇ ಮಾತು ಆರಂಭಿಸುತ್ತೇನೆಂದು ನಿಮ್ಮವ್ವ ಬೇಸರಪಡುತ್ತಾಳೆ.

ಆ ಮೆಟ್ಟಿಲುಗಳು ಕಂಡದ್ದು ಬೇಸಿಗೆಯಾದ್ದರಿಂದ. ನಿನ್ನ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಮಳೆಗಾಲ ಮುಗಿದ ಮೇಲೆ ಬಂದವರಿಗೆ ಅದು ನೀರು ತುಂಬಿದ ಬಾವಿ. ಏಪ್ರಿಲ್‌ನಿಂದ ಆಚೆಗೆ ವಾರವಾರವೂ ಬಂದವರಿಗೆ, ಒಂಬತ್ತು ನೂರು ವರ್ಷಗಳಿಗೂ ಹಿಂದೆ ಈ ಬಿಸಿಲನ್ನು ಬಲ್ಲ ಜನರು ನೀರು ಎಷ್ಟು ಕೆಳಗೆ ಹೋದರೂ ಕೊಡ ಹಿಡಿದ ಹೆಂಗಸು ಅದನ್ನು ಮುಟ್ಟಬೇಕೆಂದು ಹೇಗೆ ಕಟ್ಟಿದರೆಂಬುದು ಒಂದೊಂದೇ ಮೆಟ್ಟಿಲಾಗಿ ತೆರೆದುಕೊಳ್ಳುತ್ತದೆ. ಆ ಊರಿನಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಇದ್ದವೆಂದು ಜನ ಹೇಳುತ್ತಾರೆ. ಕನ್ನೆ ಬಾವಿಯನ್ನು ನೀನು ನೋಡಿದ್ದೀಯೆ. ಡಂಬಳದ ಜಪದ ಬಾವಿಯನ್ನೂ, ರೋಣದ ಕಡೆಯ ಸೂಡಿಯ ನಾಗಕುಂಡವನ್ನೂ, ಕುಕನೂರಿನ ಹತ್ತಿರದ ಇಟಗಿಯಲ್ಲಿ 1112ರ ಮಹಾದೇವ ದೇವಾಲಯದ ಜೊತೆಗಿರುವ ಪುಷ್ಕರಿಣಿಯನ್ನೂ ನಿನಗೆ ಬೇಸಿಗೆಯಲ್ಲಿ ತೋರಿಸಲು ನನ್ನಿಂದ ಆಗಲೇ ಇಲ್ಲ. ಇಟಗಿಯ ಗುಡಿಯನ್ನು ಅಲ್ಲಿನ ಶಾಸನ ದೇವಾಲಯಗಳ ಚಕ್ರವರ್ತಿ ಎಂದು ಕರೆದಿದೆ. ಮಕ್ಕಳಿಗೆ ಮೊದಲು ಕೆಳಗಿನ ಮೆಟ್ಟಿಲುಗಳನ್ನು ತೋರಿಸು. ಗೋಪುರವನ್ನು ಅವರು ತಾವಾಗಿಯೇ ನೋಡುತ್ತಾರೆ.

ಎಲ್ಲಕ್ಕೂ ಬೇಸಿಗೆಯೇ ಸರಿಯಾದ ಕಾಲವೆಂದು ನಾನು ವಾದಿಸುತ್ತಿಲ್ಲ. ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಈಗ ಮಕ್ಕಳನ್ನು ಕರೆದೊಯ್ದರೆ ಬರಿದಾದ ದಂಡೆಯನ್ನು ನೋಡಿ ಬರಬೇಕಾಗುತ್ತದೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದ ಅತಿಥಿಗಳು. 2024ರಲ್ಲಿ ಆ ಕೆರೆ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ಬೆಂಗಳೂರಿನವರೂ ಕಾರು ಮಾಡಿಕೊಂಡು ಬರುತ್ತಿದ್ದಾರೆ, ಆದರೆ ತಿಂಗಳು ನೋಡಿ ಬರುವವರು ಕಡಿಮೆ. ಅದಕ್ಕೆ ಡಿಸೆಂಬರ್ ಕೊನೆಯ ರಜೆಯನ್ನು ಇಟ್ಟುಕೊಳ್ಳೋಣ. ಕಪ್ಪತಗುಡ್ಡಕ್ಕೆ ಶ್ರಾವಣ ಒಳ್ಳೆಯದು. ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಮೇ ತಿಂಗಳಿನ ಒಣ ಹುಲ್ಲನ್ನು ಕಂಡು ಅಲ್ಲ. 2019ರಲ್ಲಿ ಅದು ವನ್ಯಜೀವಿ ಧಾಮವಾದಾಗ ನಮ್ಮ ಓಣಿಯಲ್ಲಿ ಜನ ಪಟ್ಟ ಸಂತೋಷವನ್ನು ನಾನು ನಿನಗೆ ಆಗಲೇ ಹೇಳಿದ್ದೆ.

ಬೇಸಿಗೆಯ ಬೆಳಗ್ಗೆ ನಮಗೆ ಸಿಗುವುದು ಐದೂವರೆಯಿಂದ ಹತ್ತರವರೆಗಿನ ಹೊತ್ತು. ಆ ಹೊತ್ತಿನಲ್ಲಿ ಒಂದೇ ಊರಿಗೆ ಹೋಗಬೇಕು. ಒಂದೇ ದಿನ ಲಕ್ಕುಂಡಿ, ಡಂಬಳ, ಇಟಗಿ, ಕೊನೆಗೆ ಬಿಂಕದಕಟ್ಟಿಯ ಮೃಗಾಲಯ ಎಂದು ಓಡಿಸಿದರೆ ಮಕ್ಕಳಿಗೆ ನೆನಪಿನಲ್ಲಿ ಉಳಿಯುವುದು ಕಾರಿನ ಸೀಟು ಮಾತ್ರ. ಡಂಬಳದ ದೊಡ್ಡಬಸಪ್ಪನ ಗುಡಿಯ ಸುತ್ತ ಒಂದು ಸುತ್ತು ಹಾಕಲಿ. ನಕ್ಷತ್ರದ ಮೂಲೆಗಳಂತೆ ಗೋಡೆ ಇಪ್ಪತ್ತನಾಲ್ಕು ಕಡೆ ಹೊರಚಾಚುವುದನ್ನು ಅವರೇ ಎಣಿಸಲಿ, ತಪ್ಪಿದರೆ ಮತ್ತೆ ಎಣಿಸಲಿ. ಎಣಿಸುವಾಗ ನೀನು ಫೋಟೋ ತೆಗೆಯಲು ಕರೆಯಬಾರದು. ಸರಕಾರಿ ಬಸ್ಸಿನಲ್ಲಿಯೇ ಹೋಗಬೇಕು. ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇರಲಿ. ಅಂಗಡಿಯ ಪೊಟ್ಟಣಗಳನ್ನು ತಿಂದು ಬಾಯಾರಿಕೆ ಹೆಚ್ಚಿಸಿಕೊಳ್ಳಬಾರದು. ಗುಡಿಯ ಮುಂದೆ ಕುಳಿತ ಮುದುಕನನ್ನು, ಕೆರೆಯ ಕಾವಲುಗಾರನನ್ನು ಮಾತಾಡಿಸಬೇಕು. ಯಾವ ಊರಿನ ಜಾತ್ರೆ ಯಾವಾಗ, ಯಾವ ಬಾವಿಯ ಹೂಳು ತೆಗೆಯುತ್ತಿದ್ದಾರೆ ಎಂಬುದೆಲ್ಲ ಅವರ ಬಾಯಿಂದ ತಿಳಿಯುವಷ್ಟು ಬೇರೆ ಎಲ್ಲಿಂದಲೂ ತಿಳಿಯುವುದಿಲ್ಲ. ಉಪದೇಶವಾಯಿತೆಂದು ನಿನಗೆ ಅನ್ನಿಸಬಹುದು. ಆದರೂ ಇದರಲ್ಲಿ ಒಂದನ್ನೂ ತೆಗೆದುಹಾಕಲು ನನಗೆ ಮನಸ್ಸಿಲ್ಲ.

ಬಿಸಿಲು ಏರಿದ ಮೇಲಿನ ಹೊತ್ತಿಗೂ ನಮ್ಮ ಊರಿನಲ್ಲಿ ನೋಡುವಂಥದ್ದಿದೆ. ಬೆಟಗೇರಿಯ ನೇಕಾರರ ಓಣಿಯಲ್ಲಿ ನೆರಳಿನ ಪಡಸಾಲೆಯಲ್ಲಿ ಕುಳಿತು ಮಗ್ಗದ ಲಾಳಿ ಓಡುವುದನ್ನು ನೋಡಬಹುದು. ತ್ರಿಕೂಟೇಶ್ವರದ ಆವರಣದ ಸರಸ್ವತಿ ಗುಡಿಯ ಕಂಬಗಳ ನಡುವೆ ಮಧ್ಯಾಹ್ನವೂ ತಂಪಿರುತ್ತದೆ. ದೊಡ್ಡವನು ಈಗ ಲೆಕ್ಕದಲ್ಲಿ ಬಡ್ಡಿ ಕಲಿಯುತ್ತಿದ್ದಾನೆಂದು ಹೇಳಿದೆಯಲ್ಲ, ಅವನನ್ನು ನಾನು ಕಣಗಿನಹಾಳಕ್ಕೆ ಕರೆದೊಯ್ಯುತ್ತೇನೆ. ಬಡ್ಡಿ ಸಾಹುಕಾರರ ಕೈಯಲ್ಲಿ ಸಿಕ್ಕಿ ಹೊಲ ಕಳೆದುಕೊಳ್ಳುತ್ತಿದ್ದ ರೈತರು ತಾವೇ ಹಣ ಕೂಡಿಸಿ ತಮಗೇ ಸಾಲ ಕೊಟ್ಟುಕೊಳ್ಳುವ ಏರ್ಪಾಡು, ದೇಶದ ಮೊದಲ ಕೃಷಿ ಸಹಕಾರಿ ಸಂಘ, 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಆರಂಭವಾದದ್ದು ಆ ಸಣ್ಣ ಊರಿನಲ್ಲಿ. ಜೀವನವಿಡೀ ಸಹಕಾರಿ ಸಂಘದ ಲೆಕ್ಕ ಬರೆದ ನನಗೆ ಆ ಊರು ಯಾವ ಗುಡಿಗೂ ಕಡಿಮೆಯಲ್ಲ. ನಿನ್ನ ಓದಿಗೆ ಹಣ ಬಂದದ್ದೂ ಅಂಥದೇ ಒಂದು ಸಂಘದ ಸಂಬಳದಿಂದ.

ಇನ್ನು ನೀನು ಬಾಯಿಬಿಟ್ಟು ಹೇಳದ ಮಾತಿಗೆ ಬರುತ್ತೇನೆ. ಈ ವಯಸ್ಸಿನಲ್ಲಿ ನಾವಿಬ್ಬರು ಮಕ್ಕಳನ್ನು ಸಂಭಾಳಿಸುವುದು ಆಗದ ಕೆಲಸವೆಂದು ನೀನು ಯೋಚಿಸಿದ್ದೀಯೆ. ನಿಮ್ಮವ್ವ ಅದನ್ನು ನಿನ್ನ ದನಿಯಲ್ಲಿಯೇ ಅರ್ಥ ಮಾಡಿಕೊಂಡಳು. ನನಗೆ ಮೊದಲು ಅದು ಅವಮಾನವೆನಿಸಿತು. ಆಮೇಲೆ ಮುಸುಕಿನ ಬಾವಿಯ ಮೇಲೆ ನಾನು ನಿಂತಿರುವುದನ್ನೂ, ಸಣ್ಣವಳು ನಿನ್ನಂತೆಯೇ ಕೈ ಬಿಡಿಸಿಕೊಂಡು ಇಳಿದು ಗೂಡಿನ ಮರೆಗೆ ಹೋಗುವುದನ್ನೂ, ನಾನು ಕೂಗುವುದನ್ನೂ ಯೋಚಿಸಿ ನೋಡಿದೆ. ಅಂದು ನಾನು ಅರ್ಧ ದಾರಿ ಇಳಿದಿದ್ದೆ. ಇಂದು ಈ ಮೊಣಕಾಲಿನಲ್ಲಿ ನಾಲ್ಕು ಮೆಟ್ಟಿಲು ಇಳಿಯುವುದೂ ಕಷ್ಟ. ಉತ್ತರ ಬಾರದ ಆ ಹೊತ್ತು ಇಷ್ಟು ವರ್ಷಗಳ ನಂತರವೂ ಕೆಲವು ರಾತ್ರಿ ನನ್ನನ್ನು ಎಬ್ಬಿಸುತ್ತದೆಯೆಂದು ನಿನಗೆ ಎಂದೂ ಹೇಳಿರಲಿಲ್ಲ. ನೀನು ಒಂದು ಮೆಟ್ಟಿಲನ್ನು ಕಂಡು ಸಂತೋಷದಿಂದ ಏರಿ ಬಂದೆ. ನಾನು ಅದಕ್ಕಿಂತ ಕೆಳಗಿನ, ಕಾಣದ ಮೆಟ್ಟಿಲುಗಳನ್ನು ಎಣಿಸುತ್ತಾ ಮನೆಗೆ ಬಂದೆ. ಹಾಗಿದ್ದರೂ ಮುಂದಿನ ವಾರ ನಿನ್ನನ್ನು ಮತ್ತೆ ಕರೆದೊಯ್ದದ್ದಕ್ಕೆ ನನಗೆ ಇಂದಿಗೂ ಹೆಮ್ಮೆಯಿದೆ.

ಆದ್ದರಿಂದ ಮಕ್ಕಳನ್ನು ಮಾತ್ರ ಕಳುಹಿಸು ಎಂದು ನಾನು ಕೇಳುವುದಿಲ್ಲ. ಶಿಬಿರ ಮುಗಿಯಲಿ, ಕಟ್ಟಿದ ಹಣ ಹಾಳಾಗುವುದು ಬೇಡ. ಅಲ್ಲಿಯವರೆಗೆ ರವಿವಾರಗಳಲ್ಲಿ ನೀನು ಇರುವ ಊರನ್ನೇ ಅವರಿಗೆ ತೋರಿಸು. ಬೆಂಗಳೂರು ಎಂಬ ಹೆಸರನ್ನು ಸುಮಾರು 890ರಲ್ಲಿ ಕಲ್ಲಿನಲ್ಲಿ ಕೊರೆದ ಶಾಸನ ಬೇಗೂರಿನದು. ಆ ಊರಿನ ನಾಗೇಶ್ವರ ಗುಡಿಗೆ ನೀನು ಇನ್ನೂ ಹೋಗಿಲ್ಲ. ಲಾಲ್‌ಬಾಗಿನ ಬಂಡೆಯ ಮೇಲೆ ಸೂರ್ಯ ಏರುವ ಮೊದಲು ಕುಳಿತು, ಅದರ ವಯಸ್ಸು ಮುನ್ನೂರು ಕೋಟಿ ವರ್ಷವೆಂದು ದೊಡ್ಡವನಿಗೆ ಹೇಳು, ಸೊನ್ನೆಗಳನ್ನು ಅವನೇ ಬರೆಯಲಿ. ಟಿಕೆಟ್ಟಿಲ್ಲದ, ಸಾಲು ನಿಲ್ಲದ ಜಾಗಗಳನ್ನು ಹುಡುಕುವ ಅಭ್ಯಾಸವನ್ನು ಅಲ್ಲಿಯೇ ಆರಂಭಿಸಬಹುದು.

ಮೇ ತಿಂಗಳ ಮೂರನೆಯ ವಾರ ನೀನೇ ಮಕ್ಕಳನ್ನು ಕರೆದುಕೊಂಡು ಬಾ. ಶುಕ್ರವಾರ ರಾತ್ರಿಯ ರೈಲು ಹತ್ತಿದರೆ ಶನಿವಾರ ಬೆಳಗ್ಗೆ ಇಲ್ಲಿರುತ್ತೀರಿ. ರೋಹಿಣಿ ಮಳೆ ಮೇ 25ರ ಸುಮಾರಿಗೆ ಹಿಡಿಯುತ್ತದೆ. ಅದಕ್ಕೆ ಮುಂಚಿನ ಆ ವಾರದಲ್ಲಿ ಬಾವಿಗಳ ನೀರು ವರ್ಷದಲ್ಲಿಯೇ ಎಲ್ಲಕ್ಕಿಂತ ಕೆಳಗಿರುತ್ತದೆ. ಮಕ್ಕಳನ್ನು ನೀನು ಕೈಹಿಡಿದು ಇಳಿಸು, ನಾನು ಮೇಲೆ ನಿಂತಿರುತ್ತೇನೆ. ಸಣ್ಣವಳಿಗೆ ತಳ ಜಾರದಂಥ ಬೂಟು ಕೊಂಡುಕೋ, ಚಪ್ಪಲಿಯಲ್ಲಿ ಕರೆತರಬೇಡ. ಇಬ್ಬರಿಗೂ ತಲೆಗೆ ಟೊಪ್ಪಿಗೆ ಇರಲಿ. ರಾತ್ರಿ ಮಾಳಿಗೆಯ ಮೇಲೆ ಮಲಗಲು ಹಾಸಿಗೆಗಳನ್ನು ನಿಮ್ಮವ್ವ ಈಗಾಗಲೇ ಬಿಸಿಲಿಗೆ ಹಾಕಿದ್ದಾಳೆ. ರಜೆ ಸಿಗುವುದೋ ಇಲ್ಲವೋ ಎಂಬುದನ್ನು ಈ ವಾರದಲ್ಲಿ ತಿಳಿಸು, ತಡವಾದರೆ ರೈಲಿನಲ್ಲಿ ಜಾಗ ಸಿಗುವುದಿಲ್ಲ. ಅಳಿಯಂದಿರಿಗೂ ಬರಲು ಆಗುವುದಾದರೆ ಬಹಳ ಸಂತೋಷ, ಅವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅಪ್ಪ